ಅಪ್ಪ-ಅಮ್ಮನಿಗೆ ಅಂತ ತಗೊಂಡ ಮನೆ ಮಾರಿದರೆ ತೆರಿಗೆ ಯಾರು ಕಟ್ಟಬೇಕು? ಕ್ರಯಪತ್ರದಲ್ಲಿರುವ ಹೆಸರು ನೋಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದಲ್ಲಿ ಮಕ್ಕಳು ಬೆಂಗಳೂರಿನಲ್ಲಿ ದುಡಿದು, ವಯಸ್ಸಾದ ಅಪ್ಪ-ಅಮ್ಮನಿಗೆ ಊರಲ್ಲೇ ಒಂದು ಮನೆ ತೆಗೆದುಕೊಡುವುದು ಸಾಮಾನ್ಯ. ಕೊಳ್ಳುವಾಗ ಎಲ್ಲರೂ ನೋಡುವುದು ಖಾತೆ, ಸಾಲ, ನೀರು. ಕ್ರಯಪತ್ರದಲ್ಲಿ ಯಾರ ಹೆಸರು ಹಾಕಿಸಬೇಕು ಅನ್ನೋದನ್ನ ರಿಜಿಸ್ಟ್ರೇಷನ್ ದಿನ ಆತುರದಲ್ಲಿ ತೀರ್ಮಾನ ಮಾಡ್ತಾರೆ. ಮುಂದೆ ಆ ಮನೆ ಮಾರುವಾಗ ಬಂಡವಾಳ ಲಾಭದ ತೆರಿಗೆ ಯಾರಿಗೆ ಬೀಳುತ್ತೆ ಅನ್ನೋದು ಆ ಹೆಸರಿನ ಮೇಲೇ ನಿಂತಿರುತ್ತೆ.

ಮಗನ ಅಥವಾ ಮಗಳ ಹೆಸರಿನಲ್ಲಿದ್ದರೆ

ಮನೆಯಲ್ಲಿ ಅಮ್ಮ ಮಾತ್ರ ವಾಸ ಇದ್ದರೂ ಮಾಲೀಕರು ಮಕ್ಕಳೇ. ಲಾಭಕ್ಕೆ ತೆರಿಗೆ ಕಟ್ಟಬೇಕಾದವರೂ ಅವರೇ. 'ತಾಯಿಗಾಗಿ ಕೊಂಡದ್ದು' ಎಂಬ ಕಾರಣಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಮನೆ 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅದು ದೀರ್ಘಾವಧಿ ಲಾಭ, ತೆರಿಗೆ ಶೇ 12.5. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ, ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಶೇ 20ರಂತೆ ಲೆಕ್ಕ ಹಾಕುವ ಹಳೆಯ ದಾರಿಯೂ ಇದೆ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ವಿದೇಶದಲ್ಲಿ ನೆಲೆಸಿರುವ ಮಕ್ಕಳಿಗೆ ಈ ಆಯ್ಕೆ ಇಲ್ಲ.

ಉದಾಹರಣೆಗೆ, 2012-13ರಲ್ಲಿ 15 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ 40 ಲಕ್ಷಕ್ಕೆ ಮಾರಿದರು ಅನ್ನೋಣ. ನೇರ ಲಾಭ 25 ಲಕ್ಷ. ಶೇ 12.5ರಂತೆ ತೆರಿಗೆ 3,12,500 ರೂ. ಹಳೆಯ ದಾರಿಯಲ್ಲಿ ಸೂಚ್ಯಂಕ 200ರಿಂದ 376ಕ್ಕೆ ಏರಿದ್ದರಿಂದ ಕೊಂಡ ಬೆಲೆ 28.20 ಲಕ್ಷ ಆಗುತ್ತೆ. ಲಾಭ 11.80 ಲಕ್ಷ, ತೆರಿಗೆ 2,36,000 ರೂ. ಅಂದರೆ 76,500 ರೂ. ಉಳಿತಾಯ. ಇದರ ಮೇಲೆ ಶೇ 4 ಸೆಸ್ ಇರುತ್ತೆ.

ಅಮ್ಮನ ಹೆಸರಿನಲ್ಲಿದ್ದರೆ

ಮಕ್ಕಳು ತಾಯಿಗೆ ಕೊಡುವ ಹಣಕ್ಕೆ ಉಡುಗೊರೆ ತೆರಿಗೆ ಇಲ್ಲ. ಮನೆ ಮಾರಿದರೆ ತಾಯಿಯ ಪ್ಯಾನ್, ತಾಯಿಯ ರಿಟರ್ನ್ಸ್, ತಾಯಿಯ ತೆರಿಗೆ. ಆದರೆ ಇಲ್ಲಿ ಎರಡು ಎಚ್ಚರಿಕೆ ಬೇಕು.

ಮೊದಲನೆಯದು ಬೇನಾಮಿ ಕಾಯ್ದೆ. ಹೆಂಡತಿ, ಮಕ್ಕಳ ಹೆಸರಿಗೆ ಕೊಳ್ಳಲು ಅದರಲ್ಲಿ ವಿನಾಯಿತಿ ಇದೆ. ತಂದೆ-ತಾಯಿಯ ವಿಷಯದಲ್ಲಿ ಮಾತ್ರ, ಹಣ ಹಾಕಿದವರ ಹೆಸರೂ ಜಂಟಿಯಾಗಿ ಪತ್ರದಲ್ಲಿ ಇರಬೇಕು. ಅಮ್ಮನೊಬ್ಬರ ಹೆಸರಿಗೇ ಮಾಡಿಸುವುದಾದರೆ, ಹಣವನ್ನು ಮೊದಲು ಅವರ ಬ್ಯಾಂಕ್ ಖಾತೆಗೆ ಉಡುಗೊರೆಯಾಗಿ ಹಾಕಿ, ಅಲ್ಲಿಂದ ಮಾರಾಟಗಾರರಿಗೆ ಹೋಗಲಿ. ಆಮೇಲೆ ಆ ಮನೆ ಅಮ್ಮನದ್ದೇ.

ಎರಡನೆಯದು ವಾರಸುದಾರಿಕೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ತಾಯಿ ವಿಲ್ ಬರೆಯದೆ ತೀರಿಕೊಂಡರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ದುಡ್ಡು ಕೊಟ್ಟ ಮಗನಿಗೆ ಹೆಚ್ಚಿನ ಪಾಲೇನೂ ಇಲ್ಲ. ಮನೆ ಪಾಲಾಗಿ ಬಂದಾಗ ತೆರಿಗೆ ಇಲ್ಲ, ಮಾರಿದಾಗ ಇದೆ. ಆಗ ತಾಯಿ ಕೊಂಡ ಬೆಲೆಯೇ ಲೆಕ್ಕ, ತಾಯಿ ಇಟ್ಟುಕೊಂಡಿದ್ದ ವರ್ಷಗಳೂ ಸೇರುತ್ತವೆ. ಹಾಗಾಗಿ ಹಳೆಯ ಕ್ರಯಪತ್ರ ಜೋಪಾನ.

ಇನ್ನೊಂದು ಆಸ್ತಿ ಮಾರಿ ಅಪ್ಪ-ಅಮ್ಮನಿಗೆ ಮನೆ

ಸ್ವಂತ ಮನೆ ಮಾರಿ ಬಂದ ಲಾಭದಲ್ಲಿ ಇನ್ನೊಂದು ಮನೆ ಕೊಂಡರೆ ಸೆಕ್ಷನ್ 54ರ ವಿನಾಯಿತಿ ಸಿಗುತ್ತೆ. ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಸೈಟು ಮಾರಿದರೆ ಸೆಕ್ಷನ್ 54ಎಫ್. ಅಲ್ಲಿ ಪೂರ್ತಿ ವಿನಾಯಿತಿಗೆ ಲಾಭ ಮಾತ್ರವಲ್ಲ, ಖರ್ಚು ಕಳೆದು ಕೈಗೆ ಬಂದ ಹಣವನ್ನೆಲ್ಲ ತೊಡಗಿಸಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ತಿರುಳು ಅದೇ.

ಹೊಸ ಮನೆಯಲ್ಲಿ ಮಾರಿದವರೇ ವಾಸ ಮಾಡಬೇಕು ಅಂತ ಷರತ್ತಿಲ್ಲ, ಅಪ್ಪ-ಅಮ್ಮ ಇರಬಹುದು. ಆದರೆ ಹೆಸರಿನ ವಿಷಯದಲ್ಲಿ ಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಪೂರ್ತಿ ಹಣ ಹೆಂಡತಿಯದ್ದೇ ಆಗಿ, ಗಂಡನ ಹೆಸರು ಜಂಟಿಯಾಗಿ ಸೇರಿದ್ದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2011ರಲ್ಲಿ ಪೂರ್ತಿ ವಿನಾಯಿತಿ ಕೊಟ್ಟಿತು. ದತ್ತುಪುತ್ರನ ಹೆಸರಿಗೆ ಮನೆ ಕೊಂಡಿದ್ದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2008ರಲ್ಲಿ ವಿನಾಯಿತಿ ನಿರಾಕರಿಸಿತು. ಆದ್ದರಿಂದ ಆಸ್ತಿ ಮಾರಿದವರ ಹೆಸರು ಹೊಸ ಪತ್ರದಲ್ಲಿ ಇರಲೇಬೇಕು. ಅಮ್ಮನ ಹೆಸರು ಜೊತೆಗೆ ಇರಲಿ.

ಹೀಗೆ ಕೊಂಡ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಪಡೆದ ವಿನಾಯಿತಿ ಹೋಗುತ್ತೆ. ಅಮ್ಮ ತೀರಿಕೊಂಡರು, ಮನೆ ಖಾಲಿ ಬಿದ್ದಿದೆ ಅಂದರೂ ನಿಯಮ ಬದಲಾಗಲ್ಲ.

ಇವಿಷ್ಟು ಮರೆಯಬೇಡಿ

* ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಟ್ಟರೆ, ಮುಂದೆ ಮಾರುವಾಗ ಪತ್ರದ ಬೆಲೆಯೇ ಕೊಂಡ ಬೆಲೆ. ಇವತ್ತು ಉಳಿದ ಸ್ಟ್ಯಾಂಪ್ ಡ್ಯೂಟಿ ನಾಳೆ ತೆರಿಗೆಯಾಗಿ ವಾಪಸ್ ಬರುತ್ತೆ.
* ಮನೆ ಮಾರುವವರು 20,000 ರೂ. ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.
* ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಶುಲ್ಕ, ಮಹಡಿ ಕಟ್ಟಿಸಿದ ಖರ್ಚು ಎಲ್ಲವೂ ಕೊಂಡ ಬೆಲೆಗೆ ಸೇರುತ್ತವೆ. ಬಿಲ್ ಇದ್ದರೆ ಮಾತ್ರ ಉಪಯೋಗ.
* ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನದೊಳಗೆ ಹೊಸ ಮನೆ ಆಗದಿದ್ದರೆ, ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲೇ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಕೂತು ಮಾತಾಡಿ, ಆಡಿಟರ್ ಹತ್ತಿರ ಒಮ್ಮೆ ಕೇಳುವುದು ಒಳ್ಳೆಯದು. ರಿಜಿಸ್ಟರ್ ಆದ ಮೇಲೆ ಹೆಸರು ಬದಲಾಯಿಸಬೇಕೆಂದರೆ ಇನ್ನೊಂದು ಪತ್ರ, ಇನ್ನೊಂದು ಖರ್ಚು.