ಮೈಕೈ ನೋವಿಗೆ ಒಣ ಕಪ್ಪಿಂಗ್: ಉಪಯೋಗವೆಷ್ಟು, ಎಚ್ಚರಿಕೆಗಳೇನು?

ನಾಟಿ, ಕಳೆ ಹಾಗೂ ಕೊಯ್ಲಿನ ದಿನಗಳಲ್ಲಿ ಸೊಂಟ, ಬೆನ್ನು, ಹೆಗಲುಗಳ ನೋವು ರೈತ ಕುಟುಂಬಗಳಿಗೆ ಹೊಸದಲ್ಲ. ಗಂಟೆಗಟ್ಟಲೆ ಬಾಗಿ ದುಡಿಯುವಾಗ ಬೆನ್ನಿನ ಸ್ನಾಯುಗಳಿಗೆ ಬಿಡುವೇ ದೊರೆಯದಿರುವುದು ಇದಕ್ಕೆ ಮುಖ್ಯ ಕಾರಣ. ಇಂಥ ನೋವಿಗೆ ಕೆಲವರು ಒಣ ಕಪ್ಪಿಂಗ್ ಚಿಕಿತ್ಸೆ ಮಾಡಿಸಿಕೊಳ್ಳುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಮೈಮೇಲೆ ಕಂಡ ದುಂಡು ಕಲೆಗಳು ಇದೇ ಚಿಕಿತ್ಸೆಯವು.

ಪದ್ಧತಿ ಹಳೆಯದು. ಕೊಂಬು ಮತ್ತು ಸೋರೆಬುರುಡೆಯಿಂದ ರಕ್ತ ಹೀರಿ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಯುನಾನಿಯಲ್ಲಿ ಇದಕ್ಕೆ ಹಿಜಾಮಾ ಎಂದು ಹೆಸರು. ಒಣ ಕಪ್ಪಿಂಗ್‌ನಲ್ಲಿ ಮಾತ್ರ ಚರ್ಮವನ್ನು ಗೀರುವುದಿಲ್ಲ, ರಕ್ತ ತೆಗೆಯುವುದಿಲ್ಲ.

ಕೆಲಸ ಮಾಡುವ ಬಗೆ

ಬಟ್ಟಲಿನೊಳಗಿನ ಗಾಳಿಯನ್ನು ಜ್ವಾಲೆಯಿಂದ ಬಿಸಿಮಾಡಿ ಕೂಡಲೇ ಚರ್ಮದ ಮೇಲೆ ಕವುಚುತ್ತಾರೆ. ಇಲ್ಲವೆ ಸಣ್ಣ ಪಂಪಿನಿಂದ ಗಾಳಿ ಹೊರತೆಗೆಯುತ್ತಾರೆ. ಒಳಗಿನ ಒತ್ತಡ ಕಡಿಮೆಯಾದಾಗ ಚರ್ಮ ಮೇಲೆಳೆಯಲ್ಪಡುತ್ತದೆ. ಕೈಪಂಪಿನಲ್ಲಿ ನೀರು ಮೇಲೇರುವುದೂ ಇದೇ ತತ್ವದಿಂದ. ಆ ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಸೂಕ್ಷ್ಮ ರಕ್ತನಾಳಗಳು ಒಡೆದು ಕಲೆ ಮೂಡುತ್ತದೆ. ಇದು ಹೊರಬಂದ 'ಕೆಟ್ಟ ರಕ್ತ'ವಲ್ಲ, ಚರ್ಮದಡಿ ಹೆಪ್ಪುಗಟ್ಟಿದ ರಕ್ತ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮಾಯುತ್ತದೆ.

ಫಲವೆಷ್ಟು?

ಸೊಂಟ ಮತ್ತು ಕುತ್ತಿಗೆ ನೋವು ಕೆಲಕಾಲ ಶಮನವಾದುದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಸಣ್ಣವು. ಗೊಬ್ಬರದ ಗುಣ ತಿಳಿಯಲು ಗೊಬ್ಬರ ಹಾಕದ ತಾಕನ್ನೂ ಇಟ್ಟು ಹೋಲಿಸಬೇಕಷ್ಟೆ. ಇಲ್ಲಿ ಅಂಥ ಹೋಲಿಕೆ ಕಷ್ಟ. ಬಟ್ಟಲು ಇಟ್ಟದ್ದು ರೋಗಿಗೆ ಗೊತ್ತಿರುತ್ತದೆ, ನಂಬಿಕೆಯೂ ನೋವನ್ನು ತಗ್ಗಿಸುತ್ತದೆ. ಅಲ್ಲದೆ, ರೂಢಿಯಿಲ್ಲದ ದುಡಿಮೆಯ ನೋವು ಒಂದರಿಂದ ಮೂರು ದಿನಗಳಲ್ಲಿ ಹೆಚ್ಚಾಗಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಮೂರನೆಯ ದಿನ ಬಟ್ಟಲು ಇಟ್ಟರೆ ಕೀರ್ತಿಯೆಲ್ಲ ಬಟ್ಟಲಿಗೇ ಸಲ್ಲುತ್ತದೆ!

ಯಾರಿಗೆ ಬೇಡ?

ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ರಕ್ತಸ್ರಾವದ ರೋಗವುಳ್ಳವರು ಮತ್ತು ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರು ಇದನ್ನು ಮಾಡಿಸಿಕೊಳ್ಳಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಗಾಯ, ಚರ್ಮರೋಗ, ಉಬ್ಬಿದ ರಕ್ತನಾಳಗಳ ಮೇಲೆ ಬಟ್ಟಲು ಇಡಕೂಡದು. ಬೆಂಕಿಯ ವಿಧಾನದಲ್ಲಿ ಸುಟ್ಟಗಾಯಗಳಾಗುವುದುಂಟು. ಮನೆಯಲ್ಲಿ ಪ್ರಯತ್ನಿಸದೆ ಅರ್ಹ ವೈದ್ಯರಲ್ಲಿಯೇ ಮಾಡಿಸಬೇಕು.

ಈ ನೋವುಗಳನ್ನು ಕಡೆಗಣಿಸಬಾರದು

ಎಲ್ಲ ಮೈಕೈ ನೋವೂ ದುಡಿಮೆಯ ನೋವಲ್ಲ. ಕೆಳಗಿನ ಲಕ್ಷಣಗಳಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

1. ಗದ್ದೆಯಲ್ಲಿ ದುಡಿದವರಿಗೆ ಹಠಾತ್ ಜ್ವರ, ತಲೆನೋವು, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು: ಇದು ಇಲಿಜ್ವರವಿರಬಹುದು. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಕಾಲಿನ ಗಾಯಗಳ ಮೂಲಕ ದೇಹ ಸೇರುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿ. ಬೇಗ ಔಷಧಿ ದೊರೆತರೆ ಗುಣವಾಗುತ್ತದೆ.

2. ಕೀಟನಾಶಕ ಸಿಂಪಡಿಸಿದ ಮೇಲೆ ಸ್ನಾಯುಗಳು ಅದುರುವುದು, ವಿಪರೀತ ಬೆವರು, ಜೊಲ್ಲು: ಇವು ವಿಷಬಾಧೆಯ ಚಿಹ್ನೆಗಳು. ಔಷಧಿ ಡಬ್ಬಿಯ ಚೀಟಿಯನ್ನೂ ಜೊತೆಗೆ ಒಯ್ಯಬೇಕು.

3. ಸೊಂಟನೋವಿನೊಡನೆ ಕಾಲಿನ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು.

4. ಎದೆಯಿಂದ ತೋಳು, ದವಡೆಗೆ ಹರಡುವ ನೋವು.

ಹೊಲದಲ್ಲಿಯೇ ಪರಿಹಾರ

ಬಟ್ಟಲು ನೋವನ್ನು ತಗ್ಗಿಸಬಹುದು, ನೋವಿನ ಕಾರಣವನ್ನಲ್ಲ. ಸಾಲು ನಾಟಿ ಮಾಡಿದರೆ ಕೋನೊವೀಡರ್‌ನಿಂದ ನಿಂತೇ ಕಳೆ ತೆಗೆಯಬಹುದು. ಖುಷ್ಕಿ ಬೆಳೆಗಳ ಸಾಲುಗಳಲ್ಲಿ ಸೈಕಲ್ ಕಳೆಗುದ್ದಲಿ ಉಪಯುಕ್ತ. ಬಾಗುವ ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆಯಾದರೂ ನೆಟ್ಟಗೆ ನಿಂತು ಬೆನ್ನು ಹಿಂದಕ್ಕೆ ಬಾಗಿಸಬೇಕು. ಮೂಟೆಯನ್ನು ಮಂಡಿ ಮಡಿಸಿ, ದೇಹಕ್ಕೆ ಹತ್ತಿರ ಹಿಡಿದು ಎತ್ತಬೇಕು. ಸಂಜೆ ಬಿಸಿನೀರಿನ ಶಾಖ ಹಿತಕರ, ಖರ್ಚೂ ಇಲ್ಲ.

ಉಪಕರಣಗಳ ಹಿಡಿಯನ್ನು ಎತ್ತರಕ್ಕೆ ತಕ್ಕಂತೆ ಉದ್ದ ಮಾಡಿಸುವಾಗ ರೈತರು ಮನೆಯ ಹೆಂಗಸರ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು. ನಾಟಿ, ಕಳೆಗಳಲ್ಲಿ ಹೆಚ್ಚು ಬಾಗುವವರು ಅವರೇ.