ಬಾವಿಗೂ ಗುಂಡಿಗೂ ಎಷ್ಟು ದೂರ?

ಜುಮಾ ಮುಗಿಸಿ ಬಂದು ಊರಿಗೆ ಫೋನ್ ಮಾಡುವುದು ಕಮ್ಮನಹಳ್ಳಿಯಲ್ಲಿರುವ ನಮ್ಮಂಥ ಅನೇಕರ ರೂಢಿ. ಮಳೆಗಾಲದಲ್ಲಿ ಆ ಕಡೆಯಿಂದ ಬರುವ ಸುದ್ದಿ ಹೆಚ್ಚುಕಮ್ಮಿ ಒಂದೇ. ಮಳೆ ಜೋರುಂಟು, ತೋಡು ತುಂಬಿದೆ, ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿದೆ. ಕಳೆದ ಮಳೆಗಾಲದಲ್ಲಿ ಉಮ್ಮ ಇನ್ನೊಂದು ಮಾತು ಸೇರಿಸಿದರು: "ನೀರಿಗೆ ಎಂತದೋ ವಾಸನೆ ಬರ್ತದೆ ಮಗಾ. ಮಕ್ಕಳಿಗೆ ಎರಡು ದಿನದಿಂದ ಹೊಟ್ಟೆ ಸರಿ ಇಲ್ಲ."

"ಕುದಿಸಿ ಕುಡೀರಿ ಉಮ್ಮಾ" ಎಂದು ಫೋನ್ ಇಟ್ಟೆ. ಆಮೇಲೆ ಯೋಚನೆ ಹತ್ತಿತು. ನಮ್ಮ ಬಾವಿಯಿಂದ ಶೌಚದ ಗುಂಡಿ ಎಷ್ಟು ದೂರದಲ್ಲಿದೆ? ಅಣ್ಣತಮ್ಮಂದಿರನ್ನು ಕೇಳಿದೆ. ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸೆಪ್ಟಿಕ್ ಟ್ಯಾಂಕ್‌ನ ನೀರು ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ 59 ಅಡಿ ದೂರ ಇರಬೇಕು. ಈಗ ಲೆಕ್ಕ ಹಾಕಿ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದೊಂದು ಬದಿ ಸುಮಾರು 47 ಅಡಿ. ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ತೋಡಿದರೆ ಮಾತ್ರ 66 ಅಡಿ ಸಿಗುತ್ತದೆ. ಆದರೆ ನಮ್ಮ ಗುಂಡಿ ಹೋದ ಆ ಮೂಲೆಯ ಪಕ್ಕದಲ್ಲೇ ನೆರೆಯವರ ಬಾವಿ ಇದ್ದರೆ?

ಮೊದಲು ಐವತ್ತು ಸೆಂಟ್ಸ್ ಹಿತ್ತಿಲಿಗೆ ಒಂದು ಬಾವಿ, ಒಂದು ಗುಂಡಿ ಇರುತ್ತಿತ್ತು. ಪಾಲಾದ ಮೇಲೆ ಅದೇ ಹಿತ್ತಿಲಲ್ಲಿ ಐದಾರು ಮನೆ, ಐದಾರು ಗುಂಡಿ. ಅಜ್ಜ ತೋಡಿಸಿದ ಬಾವಿ ಮಾತ್ರ ಮಧ್ಯದಲ್ಲಿ ಹಾಗೆಯೇ ಉಳಿದಿದೆ. ಕುಡಿಯುವುದಕ್ಕೂ ವುಝೂಗೂ ಅದೇ ನೀರು. ತಲತಲಾಂತರದಿಂದ ಕುಡಿದ ಬಾವಿ, ಅದಕ್ಕೆಂತ ಆಗ್ತದೆ ಎನ್ನುವವರಿಗೆ ಉತ್ತರ ಇಷ್ಟೇ: ಬಾವಿ ಬದಲಾಗಲಿಲ್ಲ, ಸುತ್ತ ಗುಂಡಿಗಳು ಹೆಚ್ಚಾದವು.

ನಾವು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ಹೆಚ್ಚಿನ ಕಡೆ ಸೆಪ್ಟಿಕ್ ಟ್ಯಾಂಕೇ ಅಲ್ಲ. ನಿಜವಾದ ಟ್ಯಾಂಕಿಗೆ ಗಾರೆ ಹಾಕಿದ ತಳ, ಸೋರದ ಗೋಡೆ, ಒಳಗೆ ಸಾಮಾನ್ಯವಾಗಿ ಎರಡು ಕೋಣೆ ಇರುತ್ತವೆ. ಗಟ್ಟಿ ಭಾಗ ಅಡಿಯಲ್ಲಿ ಉಳಿದು, ಮೇಲಿನ ನೀರು ಮಾತ್ರ ಇಂಗುಗುಂಡಿಗೆ ಹೋಗುತ್ತದೆ. ನಮ್ಮಲ್ಲಿ ಕಾಣುವುದು ತಳವಿಲ್ಲದ ಸಿಮೆಂಟ್ ರಿಂಗ್ ಅಥವಾ ಮುರಕಲ್ಲಿನ ಗುಂಡಿ. "ನಮ್ಮ ಪಿಟ್ ಇಪ್ಪತ್ತು ವರ್ಷವಾದರೂ ತುಂಬಲಿಲ್ಲ" ಎಂದು ಹೆಮ್ಮೆಪಡುವವರಿದ್ದಾರೆ. ತುಂಬಲಿಲ್ಲ ಎಂದರೆ ಅದು ಎಲ್ಲಿಗೋ ಹೋಗುತ್ತಿದೆ ಎಂದರ್ಥ. ಬೆಂಗ್ರೆ, ಉಳ್ಳಾಲದಂಥ ಹೊಯ್ಗೆ ನೆಲದಲ್ಲಿ, ತೂತು ತುಂಬಿದ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿಯುತ್ತದೆ. ಮಳೆಗಾಲದಲ್ಲಿ ನೆಲದ ನೀರು ಮೇಲೇರಿದಾಗ ಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ನಿಂತ ಹಾಗೆ. ಭೇದಿ, ಟೈಫಾಯ್ಡ್, ಕಾಮಾಲೆ ಬರುವ ಒಂದು ದಾರಿ ಇದು. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಹೆಚ್ಚು ಅಪಾಯ ಬಾಟಲಿ ಹಾಲು ಕುಡಿಯುವ ಎಳೆಮಕ್ಕಳಿಗೆ.

ಬೆಂಗಳೂರಿನಲ್ಲಿರುವ ನಮಗೆ ಈ ಚಿಂತೆ ಇಲ್ಲ ಎನ್ನುವಂತಿಲ್ಲ. 30x40 ಸೈಟಿನ ಮೂಲೆಯಿಂದ ಮೂಲೆಗೆ ಇರುವುದೇ 50 ಅಡಿ. 59 ಅಡಿ ದೂರ ಅಲ್ಲಿ ಸಾಧ್ಯವೇ ಇಲ್ಲ. ಕಮ್ಮನಹಳ್ಳಿಯಲ್ಲಿ ಜಲಮಂಡಳಿಯ ಒಳಚರಂಡಿ ಇರುವುದರಿಂದ ದಾರಿ ಸುಲಭ. ಬಾಡಿಗೆ ಮನೆಯಾದರೂ ಮಾಲೀಕರನ್ನು ಒಂದು ಮಾತು ಕೇಳಿ: ಸಂಪರ್ಕ ಕೊಟ್ಟಿದ್ದಾರಾ, ಹಳೇ ಪಿಟ್ ಮುಚ್ಚಿಸಿದ್ದಾರಾ, ಬೋರ್‌ವೆಲ್ ಅದರ ಪಕ್ಕದಲ್ಲಿದೆಯಾ? ಚರಂಡಿ ಕಟ್ಟಿದರೆ ಜಲಮಂಡಳಿಯ ಸಹಾಯವಾಣಿ 1916.

ಗುಂಡಿ ತುಂಬಿದಾಗ ಯಾರನ್ನೋ ಕರೆದು ಒಳಗೆ ಇಳಿಸುವುದು ಅಪರಾಧ. 2013ರ ಕಾಯ್ದೆಯ ಪ್ರಕಾರ ಸುರಕ್ಷಾ ಸಾಧನ ಕೊಡದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸಿದರೆ, ಮನೆ ಯಜಮಾನರೇ ಆಗಲಿ, ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಗಿನ ವಿಷಗಾಳಿಗೆ ಎರಡು ಉಸಿರು ಸಾಕು. ನಮ್ಮದೇ ಕೋಲಾರ ಚಿನ್ನದ ಗಣಿಯ ಬೆಜವಾಡ ವಿಲ್ಸನ್ ಇದರ ವಿರುದ್ಧ ಜೀವಮಾನವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಸಕ್ಕಿಂಗ್ ಯಂತ್ರವನ್ನೇ ಕರೆಸಿ. ಅದು ತೆಗೆದದ್ದನ್ನು ತೋಡಿಗೆ ಬಿಡದ ಹಾಗೆ ನೋಡಿಕೊಳ್ಳುವುದೂ ನಮ್ಮ ಜವಾಬ್ದಾರಿ. ಅದನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ಘಟಕ ಬೆಂಗಳೂರು ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲೇ ಶುರುವಾಗಿದೆ.

ತಪಾಸಣೆ ಎಂದರೆ ಎಲ್ಲ ಕಡೆ ಜನರಿಗೆ ಸಿಟ್ಟು. ಐರ್ಲೆಂಡ್ ನಮ್ಮ ಕರಾವಳಿಯ ಹಾಗೆ ಮಳೆಯ ದೇಶ. ಅಲ್ಲೂ ಹಳ್ಳಿ ಮನೆಗಳಿಗೆ ಸೆಪ್ಟಿಕ್ ಟ್ಯಾಂಕ್, ಸ್ವಂತ ಬಾವಿ. 2012ರಲ್ಲಿ ಕಾನೂನು ತಂದು ಟ್ಯಾಂಕುಗಳ ನೋಂದಣಿ ಕಡ್ಡಾಯ ಮಾಡಿದಾಗ ದೊಡ್ಡ ಪ್ರತಿಭಟನೆಯೇ ಆಯಿತು. 2013ರಿಂದ ತಪಾಸಣೆ ನಡೆಯುತ್ತಿದೆ, ನೋಡಿದ ಟ್ಯಾಂಕುಗಳಲ್ಲಿ ಸುಮಾರು ಅರ್ಧದಷ್ಟು ಸರಿಯಿರುವುದಿಲ್ಲ. ನಮ್ಮಲ್ಲಿ ಪಂಚಾಯತ್‌ಗೆ ಕೊಟ್ಟ ನಕ್ಷೆಯಲ್ಲಿ ಗುಂಡಿ ಒಂದು ಕಡೆ, ಕಟ್ಟಿದ್ದು ಇನ್ನೊಂದು ಕಡೆ ಇರುವುದು ಹೊಸತೇನಲ್ಲ. ಅಧಿಕಾರಿ ಬರುವ ಮೊದಲು ನಾವೇ ನೋಡಿಕೊಳ್ಳಬಹುದು.

ಮಾಡಬೇಕಾದದ್ದು ಕಷ್ಟವೇನಲ್ಲ. ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ. ಹೊಸ ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ. ಬಾವಿಗೆ ಕಟ್ಟೆ, ಸುತ್ತ ಸಿಮೆಂಟ್ ನೆಲ ಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮಧ್ಯದಲ್ಲೊಮ್ಮೆ ನೀರು ಪರೀಕ್ಷೆ ಮಾಡಿಸಿ. ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಎರಡೂವರೆ ಗ್ರಾಂ ಸಾಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಪೌಡರ್ 24 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ನಿಂತ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಹಾಕಿ. ಕಡಿಮೆಯೆಂದರೂ ಒಂದು ಗಂಟೆ ಆ ನೀರು ಮುಟ್ಟಬೇಡಿ.

ಜಾಗ ಸಾಲದಿದ್ದರೆ? ಅದಕ್ಕೆ ಒಂದೇ ದಾರಿ. ಅಣ್ಣತಮ್ಮಂದಿರು, ನೆರೆಯವರು ಕೂತು ಮಾತಾಡಿ, ಎರಡು ಮೂರು ಮನೆಗೆ ಸೇರಿ ಬಾವಿಯಿಂದ ದೂರದಲ್ಲಿ ಒಂದು ಸರಿಯಾದ ಟ್ಯಾಂಕ್ ಕಟ್ಟುವುದು. ಪಾಲು ಮಾಡುವಾಗ ಅಡಿ ಅಡಿಗೂ ಟೇಪು ಹಿಡಿದವರು ನಾವು. ನೆಲದಡಿಯ ನೀರಿಗೆ ಮಾತ್ರ ಪಾಲಾಗಲಿಲ್ಲ.

ಪೆರ್ನಾಲಿಗೆ ಊರಿಗೆ ಹೋದಾಗ ನಾನು ಟೇಪು ತೆಗೆದುಕೊಂಡು ಹೋಗಿದ್ದೆ. ನಮ್ಮ ಗುಂಡಿ ಬಾವಿಯಿಂದ 31 ಅಡಿ. ನೆರೆಯವರ ಬಾವಿಗೆ 22. ಟೇಪು ಸುತ್ತಿಕೊಂಡು ಮೊದಲು ಹೋದದ್ದು ಅವರ ಮನೆಗೆ.