ಸಹಿಯಿಲ್ಲದ ಭರವಸೆಗಳು

2025ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಗೌರವಧನ ಅವರ ಮುಖ್ಯ ಬೇಡಿಕೆಯಾಗಿತ್ತು. ನಾಲ್ಕನೆಯ ದಿನ ಮುಖ್ಯಮಂತ್ರಿಯವರ ಜತೆ ಮಾತುಕತೆಯಾಗಿ, ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ಸಿಗುತ್ತದೆಂಬ ಭರವಸೆಯೊಂದಿಗೆ ಊರಿಗೆ ಮರಳಿದರು. ಆಗಸ್ಟ್‌ನಲ್ಲಿ, ಕೊಟ್ಟ ಮಾತು ನಡೆಯಲಿಲ್ಲವೆಂದು ಮತ್ತೆ ಬೀದಿಗಿಳಿದರು.

ಅದಕ್ಕೆ ಒಂದು ವರ್ಷ ಹಿಂದೆ, 2023ರ ನವೆಂಬರ್‌ನಿಂದ ತಿಂಗಳಿಗೂ ಮೀರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದ್ದರು. ಸೇವಾ ಭದ್ರತೆ ಕೇಳಿ ತುಮಕೂರಿನಿಂದ ರಾಜಧಾನಿಗೆ ಪಾದಯಾತ್ರೆ ಹೊರಟವರಿಗೆ ಸಂಬಳ ಒಂದಿಷ್ಟು ಏರಿತು. ಭದ್ರತೆ ಮಾತ್ರ ಸಿಗಲಿಲ್ಲ.

ಯಾರಿಗೆ ಎಷ್ಟು ಸಾವಿರ ಎಂಬುದು ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ನನ್ನನ್ನು ಕಾಡುವ ಸಂಗತಿ ಬೇರೆ. ಇಷ್ಟೆಲ್ಲ ಕೂತು, ನಡೆದು, ಕೂಗಿದ ಮೇಲೂ ಇವರ ಕೈಗೆ ಬರುವುದು ಒಂದು ಆಶ್ವಾಸನೆ, ಹೆಚ್ಚೆಂದರೆ ಒಂದು ಸರ್ಕಾರಿ ಆದೇಶ. ಎರಡು ಕಡೆಯವರೂ ಸಹಿ ಹಾಕಿದ, ಮುರಿದರೆ ಕೇಳುವವರಿರುವ ಒಪ್ಪಂದ ಇವರಿಗೆ ಇನ್ನೂ ದೂರದ ಮಾತು.

ಪೀಣ್ಯದ ಯಾವುದಾದರೂ ಕಾರ್ಖಾನೆಯ ಕಾರ್ಮಿಕ ಸಂಘಕ್ಕೆ ಈ ದಾರಿ ಹೊಸದಲ್ಲ. ಸಂಘ ಬೇಡಿಕೆ ಪಟ್ಟಿ ಸಲ್ಲಿಸುತ್ತದೆ, ಆಡಳಿತ ಒಪ್ಪದಿದ್ದರೆ ವಿಷಯ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗುತ್ತದೆ. ಸಂಧಾನ ಫಲಿಸಿದರೆ ಮೂವರ ಎದುರಲ್ಲೂ ಒಪ್ಪಂದ ಬರಹಕ್ಕಿಳಿಯುತ್ತದೆ. ಸಂಘಟಿತ ವಲಯದ ಕಾರ್ಮಿಕರು ಹಿಂದಿನ ಕಾಯ್ದೆಯ ಸೆಕ್ಷನ್ ಸಂಖ್ಯೆಯಿಂದಲೇ ಅದನ್ನು ‘ಟ್ವೆಲ್ವ್ ತ್ರೀ’ ಎನ್ನುತ್ತಾರೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಅಂಥ ಒಪ್ಪಂದ ಸಂಘಕ್ಕೆ ಸೇರದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತಿತ್ತು. ಉಲ್ಲಂಘನೆ ಶಿಕ್ಷಾರ್ಹ ಅಪರಾಧವಾಗಿತ್ತು. ಮಂತ್ರಿ ಬದಲಾದರೂ ಮ್ಯಾನೇಜರ್ ಬದಲಾದರೂ ಅವಧಿ ಮುಗಿಯುವ ತನಕ ಅದು ನಿಲ್ಲುತ್ತದೆ.

ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ದುಡಿಯುವವರಿಗೆ ಈ ಬಾಗಿಲು ತೆರೆದಿದೆಯೇ? ಕಾಯ್ದೆ ಅನ್ವಯಿಸುತ್ತಿದ್ದುದು ‘ಉದ್ಯಮ’ಕ್ಕೆ ಮಾತ್ರ; ಇವು ಉದ್ಯಮವೇ ಎಂಬುದೇ ಪ್ರಶ್ನೆ. ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಹಲವು ಸಲ ಹೊರಳಿದೆ. ಮುಂಬಯಿಯ ಜೆ.ಜೆ. ಆಸ್ಪತ್ರೆ ಸಮೂಹದಲ್ಲಿ ಕೆಲಸ ಕಳೆದುಕೊಂಡ ವಾರ್ಡ್ ಸಿಬ್ಬಂದಿಯ ಪ್ರಕರಣದಲ್ಲಿ, 1960ರಲ್ಲಿ, ಆಸ್ಪತ್ರೆಯೂ ಕಾಯ್ದೆಯ ಅರ್ಥದಲ್ಲಿ ‘ಉದ್ಯಮ’ವೇ ಎಂದು ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಮೂರು ವರ್ಷಗಳ ನಂತರ ಅವರ ಮುಂದೆಯೇ ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರು ಬಂದರು. ವಿದ್ಯಾರ್ಥಿನಿಯರಿಗಾಗಿ ಓಡಿಸುತ್ತಿದ್ದ ಬಸ್ಸು ನಷ್ಟದಲ್ಲಿದೆಯೆಂದು ಅವರನ್ನು ಕೆಲಸದಿಂದ ಬಿಡಿಸಲಾಗಿತ್ತು. ಅವರು ಕೇಳಿದ್ದು ಅದಕ್ಕೆ ಪರಿಹಾರ. ಶಿಕ್ಷಣವನ್ನು ಉದ್ಯಮವೆನ್ನಲಾಗದು ಎಂದು ನ್ಯಾಯಾಲಯ ಹೇಳಿತು, ಪರಿಹಾರ ದಕ್ಕಲಿಲ್ಲ. ತರಗತಿಯೊಳಗಿನ ಪಾಠ ಎಷ್ಟೇ ಉದಾತ್ತವಾಗಿರಲಿ, ಅದರ ಹೆಸರಿನಲ್ಲಿ ಸ್ಟಿಯರಿಂಗ್ ಹಿಡಿದವನ ಹೊಟ್ಟೆಪಾಡನ್ನು ಕಾನೂನಿನಿಂದ ಹೊರಗಿಟ್ಟದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ. 1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಆಸ್ಪತ್ರೆಗಳೂ ಹೊರಬಿದ್ದವು.

ತಿರುವು ಬಂದದ್ದು ನಮ್ಮ ಬೆಂಗಳೂರಿನಿಂದ. ಜಲಮಂಡಳಿ ತನ್ನ ಕೆಲವು ನೌಕರರಿಗೆ ದುರ್ವರ್ತನೆಯ ಆರೋಪದ ಮೇಲೆ ದಂಡ ಹಾಕಿ ಹಣ ವಸೂಲು ಮಾಡಿತು. ಎ. ರಾಜಪ್ಪ ಮತ್ತಿತರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ತಾನು ಉದ್ಯಮವೇ ಅಲ್ಲ, ಹಾಗಾಗಿ ಈ ಕಾಯ್ದೆ ತನಗೆ ಅನ್ವಯಿಸುವುದಿಲ್ಲ ಎಂದು ಮಂಡಳಿ ವಾದಿಸಿತು. ಹೈಕೋರ್ಟ್ ದಾಟಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 1978ರ ಫೆಬ್ರುವರಿ 21ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಮುಖ್ಯ ತೀರ್ಪು ದೊಡ್ಡ ಗೆರೆಯನ್ನೇ ಎಳೆಯಿತು. ವ್ಯವಸ್ಥಿತವಾದ ಚಟುವಟಿಕೆ ಇರಬೇಕು, ಅದು ಮಾಲೀಕರು ಮತ್ತು ನೌಕರರ ಸಹಕಾರದಿಂದ ನಡೆಯಬೇಕು, ಜನರ ಅಗತ್ಯ ಪೂರೈಸುವ ಸರಕು ಅಥವಾ ಸೇವೆ ಹೊರಬರಬೇಕು. ಇಷ್ಟಿದ್ದರೆ ಅದು ಉದ್ಯಮ. ಲಾಭದ ಉದ್ದೇಶ ಇದೆಯೋ ಇಲ್ಲವೋ ಮುಖ್ಯವಲ್ಲ. ಸಫ್ದರ್‌ಜಂಗ್, ದೆಹಲಿ ವಿಶ್ವವಿದ್ಯಾಲಯದ ತೀರ್ಪುಗಳೆರಡೂ ಬಿದ್ದುಹೋದವು. ನೀರಿನ ಜಗಳವೊಂದು ದೇಶದ ದಾದಿಯರು, ಲ್ಯಾಬ್ ಸಿಬ್ಬಂದಿ, ವಿಶ್ವವಿದ್ಯಾಲಯದ ಗುಮಾಸ್ತರು, ಅಟೆಂಡರುಗಳಿಗೆ ಚೌಕಾಸಿಯ ಮೇಜಿನ ಬಳಿ ಕುರ್ಚಿ ಹಾಕಿಕೊಟ್ಟಿತು.

ಸಂಸತ್ತಿಗೆ ಇದು ಹಿಡಿಸಲಿಲ್ಲ. ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನು ಹೊರಗಿಡುವ ತಿದ್ದುಪಡಿಯನ್ನು 1982ರಲ್ಲಿ ಅಂಗೀಕರಿಸಿತು. ಆ ಭಾಗವನ್ನು ಜಾರಿಗೆ ತರಲೇ ಇಲ್ಲ: ಅಲ್ಲಿನ ನೌಕರರ ದೂರು ಕೇಳಲು ಪರ್ಯಾಯ ವ್ಯವಸ್ಥೆ ಇರಲಿಲ್ಲ.

ಆದರೆ ಪಾಠ ಹೇಳುವವರೇ ಹೊರಗುಳಿದರು. ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, 1988ರಲ್ಲಿ, ಶಾಲೆ ಉದ್ಯಮವಾದರೂ ಶಿಕ್ಷಕರು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಶಿಕ್ಷಕರ ಅಹವಾಲಿಗೂ ಒಂದು ವೇದಿಕೆ ಬೇಕೆಂಬ ಕಾಳಜಿ ಆ ತೀರ್ಪಿನಲ್ಲೇ ಇದೆ. ಒಂದೇ ಕಾಲೇಜಿನ ಅಟೆಂಡರ್ ಸಂಧಾನಾಧಿಕಾರಿಯ ಬಳಿ ಹೋಗಬಹುದು, ಅಲ್ಲಿನ ಅತಿಥಿ ಉಪನ್ಯಾಸಕಿ ಹೋಗಲಾರಳು. ಅವಳಿಗೆ ಉಳಿಯುವುದು ಮನವಿ ಪತ್ರ ಮತ್ತು ಹೆದ್ದಾರಿ.

ಕುರ್ಚಿ ಸಿಕ್ಕವರಿಗೆಲ್ಲ ಕೂರಲು ಆಯಿತೇ ಎಂದರೆ ಅದೂ ಇಲ್ಲ. ಸಾಲ ಮಾಡಿ ನರ್ಸಿಂಗ್ ಓದಿದ ಹುಡುಗಿ ಕೆಲಸಕ್ಕೆ ಸೇರುವಾಗ ಬಾಂಡ್ ಬರೆದುಕೊಟ್ಟು, ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯ ಕಪಾಟಿನಲ್ಲಿಟ್ಟರೆ ಸಂಘದ ರಸೀದಿ ಹರಿಸಿಕೊಳ್ಳುವ ಧೈರ್ಯ ಎಲ್ಲಿಂದ ಬಂದೀತು? 2011ರ ಸುಮಾರಿಗೆ ಮುಂಬಯಿ, ದೆಹಲಿ ಮತ್ತು ಕೇರಳದ ಆಸ್ಪತ್ರೆಗಳಲ್ಲಿ ದಾದಿಯರು ಬೀದಿಗೆ ಬಂದಾಗ ಸಂಬಳದಷ್ಟೇ ದೊಡ್ಡದಾಗಿ ಕೇಳಿಬಂದದ್ದು ಈ ಬಾಂಡಿನ ವಿಷಯ. ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿದ್ದು ಆಗಲೇ. ಸುಪ್ರೀಂ ಕೋರ್ಟಿನ 2016ರ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ, ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ದಾದಿಯರ ಸಂಬಳ 20,000 ರೂಪಾಯಿಗೆ ಕಡಿಮೆ ಇರಬಾರದೆಂದಿತು. ಅದನ್ನು ನೆಲಕ್ಕಿಳಿಸಲು ಕೇರಳದಲ್ಲಿ ಮತ್ತೂ ಮುಷ್ಕರಗಳು ಬೇಕಾದವು. 2018ರ ಏಪ್ರಿಲ್‌ನಲ್ಲಿ, ದಾದಿಯರು ಚೇರ್ತಲದಿಂದ ರಾಜಧಾನಿಗೆ ಪಾದಯಾತ್ರೆ ಹೊರಡಲಿದ್ದ ಹೊತ್ತಿಗೆ, ಅಲ್ಲಿನ ಸರ್ಕಾರ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಬೆಂಗಳೂರು, ಮಂಗಳೂರುಗಳಲ್ಲಿ ಇಷ್ಟೊಂದು ನರ್ಸಿಂಗ್ ಕಾಲೇಜುಗಳಿದ್ದೂ ಅಂಥ ಸಂಘಟನೆ ಇಲ್ಲಿ ಬೇರೂರದಿರುವುದು ನನಗೆ ಬೇಸರದ ಸಂಗತಿ.

ಆಶಾ ಕಾರ್ಯಕರ್ತೆಯರ ಮಾತು ಇನ್ನೂ ಕಠಿಣ. ರಾಜ್ಯದ ಸುಮಾರು 42 ಸಾವಿರ ಮಂದಿ ದಾಖಲೆಯಲ್ಲಿ ಸ್ವಯಂಸೇವಕಿಯರು. ಮಾಡಿದ ಕೆಲಸದ ಎಣಿಕೆಯ ಮೇಲೆ ಪ್ರೋತ್ಸಾಹಧನ. ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದೆ. ಹಾಗೆ ನೋಡಿದರೆ ರಾಜ್ಯ ಸರ್ಕಾರ ಕಾನೂನು ಬದಲಾಗಲೆಂದು ಕಾಯಬೇಕಿಲ್ಲ. ಸಂಘದ ಪ್ರತಿನಿಧಿಗಳನ್ನು ಕೂರಿಸಿಕೊಂಡು, ಒಪ್ಪಿದ್ದನ್ನು ಬರೆದು ಸಹಿ ಹಾಕಲು ಅಡ್ಡಿ ಏನಿದೆ?

ಈಗ ಆಟದ ನಿಯಮವೇ ಬದಲಾಗಿದೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಧರ್ಮಾರ್ಥ, ಸಮಾಜಸೇವೆಯಲ್ಲಿ ಪೂರ್ಣವಾಗಿ ಅಥವಾ ಬಹುಪಾಲು ತೊಡಗಿದ ಸಂಘಟನೆಗಳ ಸಂಸ್ಥೆಗಳು ಉದ್ಯಮದ ವ್ಯಾಖ್ಯೆಯಿಂದ ಹೊರಗೆ. ನಮ್ಮಲ್ಲಿ ಖಾಸಗಿ ವೈದ್ಯಕೀಯ ಕಾಲೇಜು, ಬೋಧನಾ ಆಸ್ಪತ್ರೆಗಳನ್ನು ನಡೆಸುವವು ಹೆಚ್ಚಾಗಿ ಟ್ರಸ್ಟ್‌ಗಳು. ಬೇಡಿಕೆ ಪಟ್ಟಿ ಬಂದ ದಿನ ಅವು ಮೊದಲು ಎತ್ತುವ ವಾದ ಇದೇ ಆಗಿರುತ್ತದೆಂದು ಊಹಿಸುವುದು ಕಷ್ಟವಲ್ಲ.

ಹಳೆಯ ಕಾಯ್ದೆಯಲ್ಲಿ ಇಲ್ಲದ ಒಳ್ಳೆಯ ಅಂಶವೊಂದೂ ಸಂಹಿತೆಯಲ್ಲಿದೆ. ಹಲವು ಸಂಘಗಳಿದ್ದಲ್ಲಿ ಹಾಜರಿ ಪಟ್ಟಿಯ ಶೇ 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವನ್ನು ಮಾಲೀಕರು ಮಾತುಕತೆಗೆ ಮಾನ್ಯ ಮಾಡಲೇಬೇಕು. ಆದರೆ ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಸ್ಟ್ರೆಚರ್ ತಳ್ಳುವವರು, ಕಾವಲುಗಾರರು ಹೊರಗುತ್ತಿಗೆಯವರು. ಅವರ ಹೆಸರಿರುವುದು ಏಜೆನ್ಸಿಯ ಹಾಜರಿ ಪಟ್ಟಿಯಲ್ಲಿ. ವರ್ಷವಿಡೀ ಓಡಾಡಿ ಸದಸ್ಯತ್ವ ಮಾಡಿಸಿದ ಸಂಘ, ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದ ದಿನ ಬೇರೆ ಪಟ್ಟಿ ಹಿಡಿದು ಮತ್ತೆ ಒಂದರಿಂದ ಎಣಿಸಬೇಕು.